ಬಸುರೀಲಿ ಶುಗರ್ ಬಂದ್ರೆ ಮುದ್ದೆನಾ, ರೊಟ್ಟಿನಾ, ಅನ್ನನಾ? ದಾವಣಗೆರೆ-ಚಿತ್ರದುರ್ಗದ ಊಟದಲ್ಲೇ ಆರಿಸ್ಕೊಳ್ಳೋ ಬಗೆ

ಗರ್ಭಿಣಿಗೆ ಶುಗರ್ ಇದೆ ಅಂತ ಗೊತ್ತಾದ ತಕ್ಷಣ ನಮ್ಮ ಕಡೆ ಮನೇಲಿ ಮೊದಲು ಆಗೋದು ಅನ್ನ ಬಂದ್, ಮೂರೊತ್ತೂ ಮುದ್ದೆ ಶುರು, ಟೀಗೆ ಸಕ್ಕರೆ ಬದಲು ಬೆಲ್ಲ, ಹಣ್ಣು ಪೂರ್ತಿ ನಿಲ್ಲಿಸೋದು, ಆಮೇಲೆ ಯಾರೋ ಹೇಳಿದ್ರು ಅಂತ ಬೆಳಗ್ಗೆ ಎದ್ದು ಹಾಗಲಕಾಯಿ ರಸ. ಎಲ್ಲಾ ಒಳ್ಳೆ ಮನಸ್ಸಿಂದಲೇ ಮಾಡ್ತಾರೆ, ಆದ್ರೆ ಇದ್ರಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರಲ್ಲ, ಒಂದೆರಡು ತೊಂದರೇನೂ ಮಾಡತ್ತೆ. ನನಗೆ ಮೊದಲನೇ ಬಸುರಲ್ಲಿ ಶುಗರ್ ಬಂದಿತ್ತು, ಈಗ ನನ್ನ ತಂಗಿಗೆ ಬಂದಿದೆ, ಅವಳಿಗೆ ಫೋನಲ್ಲಿ ದಿನಾ ಹೇಳ್ತಿರೋದನ್ನೇ ಇಲ್ಲಿ ಬರೀತಿದೀನಿ. ಡಾಕ್ಟರ್ ಕೊಟ್ಟ ಚೀಟಿ ಬಿಟ್ಟು ಇದನ್ನ ಹಿಡೀರಿ ಅಂತ ಖಂಡಿತ ಅಲ್ಲ, ಆ ಚೀಟೀಲಿ "ಅನ್ನ ಕಮ್ಮಿ, ಸಿಹಿ ಬೇಡ" ಅಂತ ಎರಡೇ ಸಾಲು ಇರತ್ತಲ್ಲ, ಅದನ್ನ ಮನೆ ಅಡುಗೇಲಿ ತರೋದು ಹೆಂಗೆ ಅಂತ ಅಷ್ಟೇ.

ಮೊದಲು ಇದು ಯಾಕೆ ಬರತ್ತೆ ಅನ್ನೋದು ಗೊತ್ತಿರಬೇಕು, ಇಲ್ಲಾಂದ್ರೆ "ಸಿಹಿ ತಿಂದು ತಿಂದು ಬಂತು" ಅಂತ ಬಸುರಿ ಹೆಂಗಸಿನ ಮೇಲೇನೇ ಎಲ್ಲಾರೂ ಹಾಕ್ತಾರೆ. ಮಗು ಬೆಳೀತಾ ಹೋದಂಗೆ ಮಾಸದಿಂದ, ಅಂದ್ರೆ ಪ್ಲಸೆಂಟಾದಿಂದ, ಬರೋ ಹಾರ್ಮೋನುಗಳು ತಾಯಿ ಮೈಯಲ್ಲಿ ರಕ್ತದ ಸಕ್ಕರೆ ಇಳಿಸೋ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರ್ತವೆ, ಅದು ಎಲ್ಲಾ ಬಸುರಿಯರಿಗೂ ಆಗತ್ತೆ, ಕೆಲವರ ಮೈ ಅದಕ್ಕೆ ತಕ್ಕಷ್ಟು ಜಾಸ್ತಿ ಇನ್ಸುಲಿನ್ ಮಾಡೋಕೆ ಆಗದೆ ಹಿಂದೆ ಬೀಳತ್ತೆ. ಆಗ ತಾಯಿ ರಕ್ತದ ಸಕ್ಕರೆ ಮಗೂಗೆ ಹೋಗತ್ತೆ, ಮಗು ತನ್ನದೇ ಇನ್ಸುಲಿನ್ ಜಾಸ್ತಿ ಮಾಡ್ಕೊಂಡು ದಪ್ಪ ಆಗತ್ತೆ, ಹೆರಿಗೆ ಕಷ್ಟ ಆಗಬಹುದು, ಹುಟ್ಟಿದ ಮೇಲೆ ಮಗೂಗೆ ಸಕ್ಕರೆ ದಿಢೀರ್ ಇಳೀಬಹುದು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಆದ್ಮೇಲೆ ರಕ್ತ ನೋಡ್ತಾರೆ, 140 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಗರ್ಭಿಣಿ ಶುಗರ್ ಅಂತ ಲೆಕ್ಕ. ತಾಯಿ ಕಾರ್ಡ್ ಮಾಡ್ಸೋಕೆ ಹೋದಾಗ ಒಂದ್ಸಲ, ಅದ್ರಲ್ಲಿ ಸರಿ ಇದ್ರೆ ಮತ್ತೆ 24ರಿಂದ 28ನೇ ವಾರದೊಳಗೆ ಇನ್ನೊಂದ್ಸಲ. ಆ ಎರಡನೇದನ್ನ ಬಿಡಬೇಡಿ, ಮೊದಲನೇದು ನಾರ್ಮಲ್ ಬಂದಿದ್ರೂ ಆಮೇಲೆ ಬರಬಹುದು.

ಆಮೇಲೆ ಗುರಿ. ಸಾಮಾನ್ಯವಾಗಿ ಹೇಳೋದು ಖಾಲಿ ಹೊಟ್ಟೇಲಿ 95ರ ಒಳಗೆ, ಊಟ ಶುರು ಮಾಡಿ ಒಂದು ಗಂಟೆಗೆ 140ರ ಒಳಗೆ, ಎರಡು ಗಂಟೆಗೆ 120ರ ಒಳಗೆ. ನಿಮ್ಮ ಡಾಕ್ಟರ್ ಒಂದು ಗಂಟೆಗೆ ನೋಡು ಅಂದಿದಾರಾ ಎರಡು ಗಂಟೆಗೆ ಅಂದಿದಾರಾ ಅನ್ನೋದನ್ನ ಕೇಳ್ಕೊಂಡು ಅದನ್ನೇ ಹಿಡ್ಕೊಳ್ಳಿ, ಒಂದಿನ ಹಂಗೆ ಒಂದಿನ ಹಿಂಗೆ ನೋಡಿದ್ರೆ ಯಾವ ಊಟ ಒಗ್ತು ಅಂತ ಹೋಲಿಸೋಕೆ ಆಗಲ್ಲ.

ಮುದ್ದೆ, ರೊಟ್ಟಿ, ಚಪಾತಿ, ಅನ್ನ, ನವಣೆ

ಜಗಳೂರು ಕಡೆಯವರಿಗೆ ರೊಟ್ಟಿ ಬೇಕು, ಹೊಸದುರ್ಗ ಹಿರಿಯೂರು ಕಡೆ ಮುದ್ದೆ ಇಲ್ದೆ ಊಟ ಇಲ್ಲ, ಭದ್ರಾ ನಾಲೆ ಕಡೆಯವರು ಮನೇಲೇ ಭತ್ತ ಬೆಳ್ದು ಅನ್ನ ಉಣ್ಣೋರು. ಮೂರರಲ್ಲಿ ಯಾವುದು ಒಳ್ಳೇದು ಅಂತ ಎಲ್ಲಾರೂ ಕೇಳ್ತಾರೆ. ನಾನು ಹೇಳೋದು, ಹಸಿ ಧಾನ್ಯ ಅಥವಾ ಹಿಟ್ಟು ನೂರು ಗ್ರಾಂ ತಗೊಂಡ್ರೆ ಎಲ್ಲಾದ್ರಲ್ಲೂ ಹೆಚ್ಚುಕಮ್ಮಿ 65ರಿಂದ 78 ಗ್ರಾಂ ಪಿಷ್ಟನೇ (ಅರಗಿದ ಮೇಲೆ ಸಕ್ಕರೆ ಆಗೋ ಅಂಶ) ಇರೋದು, ಪಾಲಿಶ್ ಅಕ್ಕೀಲಿ ಜಾಸ್ತಿ, ರಾಗಿ ಜೋಳದಲ್ಲಿ ಸ್ವಲ್ಪ ಕಮ್ಮಿ, ಅಷ್ಟೇ. ಜೋಳ, ರಾಗಿ, ಗೋಧೀಲಿ ನಾರು ಮೂರು ನಾಕು ಪಟ್ಟು ಜಾಸ್ತಿ ಇರತ್ತೆ, ಅದು ದೊಡ್ಡ ಉಪಕಾರ. ಆದ್ರೆ ತಟ್ಟೇಲಿ ಎಷ್ಟು ಬೀಳತ್ತೆ ಅನ್ನೋದ್ರ ಮೇಲೆ ಎಲ್ಲಾ ತಲೆಕೆಳಗಾಗತ್ತೆ.

ಒಂದು ಸಾಧಾರಣ ಮುದ್ದೆಗೆ ಎಂಬತ್ತು ಗ್ರಾಂ ಹಿಟ್ಟು ಹೋಗಿರತ್ತೆ ಅನ್ಕೊಳ್ಳಿ, ಅದ್ರಲ್ಲಿ 55 ಗ್ರಾಂ ಹತ್ರ ಪಿಷ್ಟ. ತೆಳ್ಳಗೆ ಬಡಿದ ಒಂದು ಜೋಳದ ರೊಟ್ಟೀಲಿ ಮೂವತ್ತರ ಆಸುಪಾಸು. ಮನೇಲಿ ಮಾಡೋ ಸಣ್ಣ ಚಪಾತೀಲಿ ಇಪ್ಪತ್ತು. ಒಂದು ಬಟ್ಟಲು ಅನ್ನದಲ್ಲಿ 40-45. ಈಗ ನೋಡಿ, ಅನ್ನ ಬಿಟ್ಟೆ ಅಂತ ಎರಡು ಮುದ್ದೆ ಉಂಡ್ರೆ ಒಂದು ಬಟ್ಟಲು ಅನ್ನಕ್ಕಿಂತ ಎರಡು ಪಟ್ಟಿಗಿಂತ ಜಾಸ್ತಿ ಆಯ್ತು. ಜೊತೆಗೆ ಮುದ್ದೆ ಅಗಿಯೋದಲ್ಲ, ನುಂಗೋದು, ಹಿಟ್ಟು ನುಣ್ಣಗೆ ಬೀಸಿ ಚೆನ್ನಾಗಿ ಬೇಯ್ಸಿರ್ತೀವಿ, ಹಂಗಾಗಿ ಬೇಗ ಅರಗಿ ಶುಗರ್ ಏರಿಸತ್ತೆ. ರಾಗಿ ಗಂಜಿ, ಅಂಬಲಿ ಇನ್ನೂ ಬೇಗ. ನನ್ನ ಅತ್ತೆ ದಿನಾ ಬೆಳಗ್ಗೆ ಒಂದು ಚೊಂಬು ಗಂಜಿ ಮಾಡಿ ತಂದು "ಕುಡಿಯವ್ವಾ, ತಂಪು, ಶುಗರ್ಗೂ ಒಳ್ಳೇದು" ಅನ್ನೋರು, ಶುಗರ್ ನೋಡೋ ಮೀಟರಲ್ಲಿ ನೋಡಿದ್ರೆ ಅದೇ ಹೊತ್ತಿನ ರೀಡಿಂಗ್ ಎಲ್ಲಾದಕ್ಕಿಂತ ಮೇಲೆ. ಅವರಿಗೆ ಆ ನಂಬರ್ ತೋರಿಸಿದ ಮೇಲೆ ಅವರೇ ಗಂಜಿ ಬಿಟ್ಟು ಅದೇ ರಾಗಿ ಹಿಟ್ಟಿಗೆ ನುಗ್ಗೆಸೊಪ್ಪು ಈರುಳ್ಳಿ ಹಾಕಿ ತೆಳ್ಳಗೆ ರೊಟ್ಟಿ ತಟ್ಟಿಕೊಟ್ರು.

ರಾಗಿ ಬೇಡ ಅಂತ ಹೇಳ್ತಿಲ್ಲ ಮತ್ತೆ. ನೂರು ಗ್ರಾಂ ರಾಗೀಲಿ 340-360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯಾನೂ ಅದರ ಹತ್ರ ಬರಲ್ಲ, ಬಸುರೀಲಿ ಅದು ಬೇಕೇ ಬೇಕು. ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಕಿತ್ತಳೆ ಹಣ್ಣಿನಷ್ಟು, ಜೊತೆಗೆ ಬರೀ ತಿಳಿಸಾರು ಅಲ್ಲ, ಕಾಳು ಸೊಪ್ಪು ಹಾಕಿದ ಗಟ್ಟಿ ಸಾರು ಅಥವಾ ಮೊಟ್ಟೆ ಸಾರು, ಕೋಳಿ ಸಾರು. ಇಷ್ಟಾದ್ರೆ ಮುದ್ದೆ ಚೆನ್ನಾಗೇ ಒಗ್ಗತ್ತೆ.

ನನ್ನ ಮಟ್ಟಿಗೆ ಕೇಳಿದ್ರೆ ನಮ್ಮ ಕಡೆ ಊಟದಲ್ಲಿ ಗೆಲ್ಲೋದು ಜೋಳದ ರೊಟ್ಟೀನೇ. ರೊಟ್ಟಿ ತಾನಾಗೇ ಒಳ್ಳೇದು ಅಂತಲ್ಲ, ಅದರ ಜೊತೆ ಬರೋ ಸಾಮಾನು ಒಳ್ಳೇದು, ಮಡಿಕೆ ಕಾಳು ಪಲ್ಯ, ಹೆಸರುಕಾಳು, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಸೌತೆಕಾಯಿ, ಮೆಂತ್ಯ ಸೊಪ್ಪು. ರೊಟ್ಟಿ ಮುರಿದು ಮುರಿದು ಅಗಿದು ತಿನ್ನೋಕೆ ಹೊತ್ತು ಹಿಡಿಯತ್ತೆ, ಎರಡಕ್ಕೆ ಹೊಟ್ಟೆ ತುಂಬತ್ತೆ, ಎಣಿಸೋದೂ ಸುಲಭ, ಅನ್ನ ಹಂಗಲ್ಲ, ಇನ್ನೊಂದು ಸೌಟು ಅಂತ ಬಡಿಸ್ತಾನೇ ಇರ್ತಾರೆ. ಹಸಿ ಸೊಪ್ಪು ತಿನ್ನೋರು ಒಂದು ನೆನಪಿಡಿ, ಬಸುರೀಲಿ ಅದನ್ನ ನಾಕೈದು ನೀರಲ್ಲಿ ತೊಳೆದೇ ತಿನ್ನಬೇಕು, ಹೊಲದಿಂದ ಕಿತ್ತು ಹಂಗೇ ಬಾಯಿಗೆ ಹಾಕೋದು ಬೇಡ, ಮಣ್ಣಿಂದ ಬರೋ ಸೋಂಕು ಮಗೂಗೆ ಒಳ್ಳೇದಲ್ಲ.

ಅನ್ನ ಬಿಡೋಕೇ ಆಗಲ್ಲ ಅನ್ನೋರು ಬಿಡಬೇಡಿ. ಮುಕ್ಕಾಲು ಬಟ್ಟಲು ಅಳತೆ ಮಾಡಿ ಹಾಕ್ಕೊಳ್ಳಿ, ಮೊದಲು ಪಲ್ಯ, ಕಾಳು, ಮೊಟ್ಟೆ ತಿಂದು ಮುಗಿಸಿ ಕೊನೇಲಿ ಅನ್ನ ಉಣ್ಣಿ. ಇದೇ ಊಟನ್ನ ಉಲ್ಟಾ ಉಂಡಾಗ, ಅಂದ್ರೆ ಮೊದಲೇ ಸಾರು ಅನ್ನ ಉಂಡಾಗ, ಶುಗರ್ ಜಾಸ್ತಿ ಏರತ್ತೆ, ಇದನ್ನ ಮೀಟರಲ್ಲಿ ನೀವೇ ನೋಡಬಹುದು.

ನವಣೆ, ಸಾಮೆ ಬಗ್ಗೆ ಈಗ ಭಾಳ ಮಾತು. ಹೊಸದುರ್ಗದ ಕಡೆ ಮೊದಲಿಂದಾನೂ ಬೆಳೀತಾರೆ, ಒಳ್ಳೇ ಧಾನ್ಯಾನೇ, ಪಾಲಿಶ್ ಮಾಡದೆ ಇದ್ರೆ ನಾರು ಚೆನ್ನಾಗಿರತ್ತೆ, ನವಣೇಲಿ ಪ್ರೋಟೀನೂ ಅಕ್ಕಿಗಿಂತ ಜಾಸ್ತಿ. ಆದ್ರೆ ಸಿರಿಧಾನ್ಯ ತಿಂದ್ರೆ ಶುಗರ್ ವಾಸಿ ಆಗತ್ತೆ, ಎಷ್ಟಾದ್ರೂ ತಿನ್ನಬಹುದು ಅನ್ನೋದು ಸುಳ್ಳು, ನವಣೆ ಅನ್ನಾನೂ ಬಟ್ಟಲಲ್ಲಿ ಅಳೆದೇ ಉಣ್ಣಬೇಕು. ದುಬಾರಿ ಕೊಟ್ಟು ತರೋಕೆ ಆಗ್ದೇ ಇದ್ರೆ ಬೇಜಾರು ಬೇಡ, ಮನೇಲಿರೋ ಜೋಳ ಸಾಕು.

ಬೆಳಗಿನ ತಿಂಡಿ, ಇಲ್ಲೇ ಜಾಸ್ತಿ ಹುಷಾರು

ದಿನದಲ್ಲಿ ಅತಿ ಕಷ್ಟದ ಹೊತ್ತು ಬೆಳಗ್ಗೆ. ಬೆಳಗಿನ ಜಾವ ಮೈಯಲ್ಲಿ ಬೇರೆ ಹಾರ್ಮೋನುಗಳೂ ಏರಿರ್ತವೆ, ಇನ್ಸುಲಿನ್ ಆಗ ಕಮ್ಮಿ ಕೆಲಸ ಮಾಡತ್ತೆ, ಅದಕ್ಕೆ ಮಧ್ಯಾಹ್ನ ಒಗ್ಗೋ ಎರಡು ರೊಟ್ಟಿ ಬೆಳಗ್ಗೆ ಒಗ್ಗದೇ ಇರಬಹುದು. ನಮ್ಮೂರ ತಿಂಡಿ ನೋಡಿದ್ರೆ ಇಡ್ಲಿ, ದೋಸೆ, ಪಡ್ಡು, ಉಪ್ಪಿಟ್ಟು, ಅವಲಕ್ಕಿ, ಒಗ್ಗರಣೆ ಮಂಡಕ್ಕಿ, ಎಲ್ಲಾ ಅಕ್ಕಿ ರವೇದೇ ಬೇರೆ ಬೇರೆ ರೂಪ.

ಬೆಣ್ಣೆ ದೋಸೆ ಬಗ್ಗೆ ಕೇಳದೇ ಇರೋ ಬಸುರಿ ದಾವಣಗೆರೇಲಿ ಇಲ್ಲ, ಅದ್ರಲ್ಲೂ ಬಯಕೆ ಬಂದಾಗ. ದೋಸೆ ಅಕ್ಕಿ, ಮೇಲೆ ಬೆಣ್ಣೆ, ಪಕ್ಕಕ್ಕೆ ಆಲೂಗಡ್ಡೆ ಪಲ್ಯ, ಅಂದ್ರೆ ಪಿಷ್ಟದ ಜೊತೆ ಮತ್ತೆ ಪಿಷ್ಟ. ಬೆಣ್ಣೆ ಇರೋದ್ರಿಂದ ಶುಗರ್ ನಿಧಾನಕ್ಕೆ ಏರಿ ಜಾಸ್ತಿ ಹೊತ್ತು ಮೇಲೇ ನಿಲ್ಲತ್ತೆ, ಒಂದು ಗಂಟೆಗೆ ನೋಡಿ ಪರವಾಗಿಲ್ಲ ಅನ್ಕೊಂಡ್ರೆ ಎರಡು ಗಂಟೆಗೆ ಜಾಸ್ತಿ ಕಾಣಬಹುದು. ತಿನ್ನಲೇಬೇಕು ಅಂದ್ರೆ ಯಾವತ್ತೋ ಒಂದಿನ, ಒಂದೇ ದೋಸೆ, ಪಲ್ಯ ಬಿಟ್ಟು ಚಟ್ನಿ ಜೊತೆ, ಬೆಳಗ್ಗೆ ಬದಲು ಸಂಜೆ, ತಿಂದು ಹದಿನೈದು ನಿಮಿಷ ನಡೀರಿ. ಶುಗರ್ ಹತೋಟೀಲಿ ಇರೋರಿಗೆ ಮಾತ್ರ ಈ ಮಾತು.

ದಿನಾ ತಿನ್ನೋಕೆ ನಾನು ಹೇಳೋದು ಹೆಸರುಕಾಳು ನೆನೆಸಿ ರುಬ್ಬಿದ ದೋಸೆ. ಅಕ್ಕಿ ದೋಸೆ ಎರಡು ತಿಂದಾಗ ಬರೋ ರೀಡಿಂಗೂ ಹೆಸರುಕಾಳು ದೋಸೆ ಎರಡು ತಿಂದಾಗ ಬರೋದೂ ನನಗೆ ಬೇರೆ ಬೇರೆನೇ ಇತ್ತು. ಅದಾದ್ಮೇಲೆ ಎರಡು ಬೇಯಿಸಿದ ಮೊಟ್ಟೆ ಜೊತೆ ಒಂದು ರೊಟ್ಟಿ. ಇಡ್ಲಿ ಆದ್ರೆ ಎರಡು, ಸಾಂಬಾರು ಬೇಳೆ ತರಕಾರಿ ತುಂಬಿ ಗಟ್ಟಿಯಾಗಿರ್ಲಿ. ಉಪ್ಪಿಟ್ಟು ಮಾಡೋದಾದ್ರೆ ರವೆ ಅರ್ಧ, ಬೀನ್ಸ್ ಕ್ಯಾರೆಟ್ ಬಟಾಣಿ ಅರ್ಧ. ಬೆಳಗ್ಗೆ ಹಣ್ಣು ಬೇಡ, ಹಾಲೂ ತಿಂಡಿ ಜೊತೆ ಬೇಡ, ಹನ್ನೊಂದು ಗಂಟೆಗೆ ಇಟ್ಕೊಳ್ಳಿ.

ಮಂಡಕ್ಕಿ ಬಗ್ಗೆ ಬೇರೆ ಹೇಳಲೇಬೇಕು. ಊರ ತುಂಬಾ ಮಂಡಕ್ಕಿ ಭಟ್ಟಿ ಇರೋ ಜಾಗದಲ್ಲಿ "ಮಂಡಕ್ಕಿ ಹಗುರ, ಏನೂ ಆಗಲ್ಲ" ಅಂತ ಎಲ್ಲಾರೂ ನಂಬ್ತಾರೆ. ತೂಕಕ್ಕೆ ಹಗುರ ನಿಜ, ಆದ್ರೆ ಅಕ್ಕಿ ಉಬ್ಬಿರೋದ್ರಿಂದ ತುಂಬಾ ಬೇಗ ಅರಗತ್ತೆ, ಶುಗರ್ ಜಿಗಿಯತ್ತೆ, ಹೊಟ್ಟೆ ತುಂಬದೇ ಇನ್ನೊಂದು ಮೊರ ಬೇಕನ್ಸತ್ತೆ. ನರ್ಗೀಸ್ ಮಂಡಕ್ಕಿಗೆ ಪುಟಾಣಿ ಹಿಟ್ಟು ಹಾಕ್ತಾರೆ, ಮಿರ್ಚಿ ಕಡ್ಲೆಹಿಟ್ಟಿಂದು, ಆದ್ರೂ ಕರಿದಿದ್ದು, ದಿನಾ ತಿನ್ನೋ ಪದಾರ್ಥ ಅಲ್ಲ. ಸಂಜೆ ಹಸಿವಿಗೆ ಮಂಡಕ್ಕಿನಾ ಕಡ್ಲೆಕಾಳು ಉಸುಳಿನಾ ಅಂದ್ರೆ ಯೋಚನೆ ಇಲ್ದೆ ಉಸುಳಿ. ಬೇಯಿಸಿದ ಶೇಂಗಾ ಒಂದು ಹಿಡಿ, ಹುರಿಗಡ್ಲೆ, ಮಜ್ಜಿಗೆ, ಮೊಟ್ಟೆ, ಇವೂ ಆಗತ್ತೆ. ಚಳ್ಳಕೆರೆ ಕಡೆಯವರಿಗಂತೂ ಶೇಂಗಾಕ್ಕೆ ಬರ ಇಲ್ಲ.

ಸಿಹಿ, ಹಣ್ಣು, ಕುಡಿಯೋದು

ಸಕ್ಕರೆ, ಬೆಲ್ಲ, ಜೇನುತುಪ್ಪ, ಖರ್ಜೂರ, ಈ ನಾಕರಲ್ಲಿ ಆರಿಸೋ ಅಂಥದ್ದು ಏನೂ ಇಲ್ಲ. ಬೆಲ್ಲದಲ್ಲಿ ಬಹುಪಾಲು ಸಕ್ಕರೆನೇ, ಸಾವಯವ ಬೆಲ್ಲ ಆದ್ರೂ ಅಷ್ಟೇ. ಟೀ ಸಪ್ಪೆ ಕುಡಿಯೋಕೆ ಒಂದು ವಾರ ಕಷ್ಟ, ಆಮೇಲೆ ಅಭ್ಯಾಸ ಆಗತ್ತೆ. ಐರನ್ ಮಾತ್ರೆ ತಗೊಳ್ಳೋ ಹೊತ್ತಲ್ಲಿ ಟೀ ಕುಡೀಬೇಡಿ, ಮಾತ್ರೆ ಮೈಗೆ ಹತ್ತಲ್ಲ.

ಕುಬಸದ, ಅಂದ್ರೆ ಸೀಮಂತದ, ದಿನ ಏನು ಮಾಡೋದು ಅಂತ ತಂಗಿ ಕೇಳಿದ್ಲು. ಐದು ತರದ ಸಿಹಿ ಮಾಡಿ ಎಲ್ಲಾ ಮುತ್ತೈದೆಯರೂ ಒಂದೊಂದು ತುತ್ತು ಬಾಯಿಗೆ ಇಡ್ತಾರೆ, ಬೇಡ ಅನ್ನೋಕೆ ಮನಸ್ಸು ಬರಲ್ಲ. ಸಂಪ್ರದಾಯ ಬಿಡೋದು ಬೇಡ, ಮೊದಲು ಕೋಸಂಬರಿ, ಪಲ್ಯ, ಮೊಸರು ಉಂಡು, ಆಮೇಲೆ ಅರ್ಧ ಹೋಳಿಗೆ, ಅವತ್ತು ಅನ್ನ ರೊಟ್ಟಿ ಬಿಡಬೇಕು. ಪಾಯಸಕ್ಕಿಂತ ಹೋಳಿಗೆ ವಾಸಿ, ಅದ್ರಲ್ಲಿ ಬೇಳೆ ಆದ್ರೂ ಇದೆ. ಉಳಿದವರು ಬೆರಳ ತುದಿಯಷ್ಟು ಇಟ್ರೆ ಶಾಸ್ತ್ರ ಆಯ್ತು, ಇದನ್ನ ಮುಂಚೆನೇ ಮನೆಯ ಹಿರಿಯರಿಂದ ಹೇಳಿಸಿಬಿಡಿ, ಬಸುರಿ ತಾನೇ ಹೇಳಿದ್ರೆ ಕೆಲವರಿಗೆ ಬೇಜಾರಾಗತ್ತೆ.

ಹಣ್ಣಲ್ಲಿ ಪೇರಲ, ಮೋಸಂಬಿ, ಸೇಬು, ನೇರಳೆ ಒಂದು ಕಡೆ. ಮಾವು, ಸಪೋಟ, ದ್ರಾಕ್ಷಿ, ಪಚ್ಚಬಾಳೆ ಇನ್ನೊಂದು ಕಡೆ. ಮೊದಲನೇ ಗುಂಪಲ್ಲಿ ದಿನಕ್ಕೆ ಒಂದು ಹಣ್ಣು, ಊಟಕ್ಕೂ ತಿಂಡಿಗೂ ಮಧ್ಯ. ಎರಡನೇದ್ರಲ್ಲಿ ಆಸೆಗೆ ಎರಡು ಹೋಳು. ಜ್ಯೂಸ್ ಯಾವುದೂ ಬೇಡ, ಕಬ್ಬಿನ ಹಾಲು ಬೇಡವೇ ಬೇಡ. ಗರ್ಭಿಣಿಯರಿಗೆ ಅಂತ ಮಾರೋ ಹಾಲಿನ ಪುಡಿಗಳಲ್ಲಿ ಡಬ್ಬದ ಹಿಂದೆ ಸಕ್ಕರೆ ಎಷ್ಟಿದೆ ನೋಡಿ, ಬರೀ ಹಾಲೇ ಸಾಕು, ಒಂದು ಲೋಟ ಹಾಲಲ್ಲೇ ಹತ್ತು ಗ್ರಾಂ ಸಕ್ಕರೆ ಅಂಶ ಇರತ್ತೆ, ಅದರ ಮೇಲೆ ಇನ್ನೊಂದು ಯಾಕೆ.

ಅಂಗನವಾಡೀಲಿ ಮಾತೃಪೂರ್ಣ ಊಟ ಉಣ್ಣೋರಿಗೆ ಒಂದು ಮಾತು. 2017ರಲ್ಲಿ ಶುರುವಾದ ಯೋಜನೆ, ಅನ್ನ ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಬೆಲ್ಲದ ಚಿಕ್ಕಿ ಅಂತ ಲೆಕ್ಕ. ಶುಗರ್ ಇದೆ ಅಂತ ಊಟಾನೇ ಬಿಡಬೇಡಿ, ಆ ಮೊಟ್ಟೆ ಹಾಲು ನಿಮಗೆ ಬೇಕು. ಅಂಗನವಾಡಿ ಟೀಚರಿಗೆ ಹೇಳಿ ಅನ್ನ ಕಮ್ಮಿ ಹಾಕಿಸ್ಕೊಳ್ಳಿ, ಸಾಂಬಾರಿನ ಕಾಳು ತರಕಾರಿ ಜಾಸ್ತಿ ಕೇಳಿ, ಹಾಲು ಸಂಜೆಗೆ, ಚಿಕ್ಕಿ ಮನೇಲಿ ದೊಡ್ಡ ಮಕ್ಕಳಿದ್ರೆ ಅವರಿಗೆ.

ಕಮ್ಮಿ ಉಣ್ಣೋದಾ, ಸರಿಯಾಗಿ ಉಣ್ಣೋದಾ

ಕೆಲವರು ರೀಡಿಂಗ್ ಚೆನ್ನಾಗಿ ಬರ್ಲಿ ಅಂತ ರಾತ್ರಿ ಊಟಾನೇ ಬಿಡ್ತಾರೆ. ಇದು ನನಗೆ ಎಲ್ಲಾದಕ್ಕಿಂತ ಹೆದರಿಕೆ ಆಗೋ ವಿಷಯ. ಉಪವಾಸ ಬಿದ್ರೆ ಮೈ ಕೊಬ್ಬು ಕರಗಿಸಿ ಕೀಟೋನ್ ಅನ್ನೋ ಆಮ್ಲದಂಥ ಪದಾರ್ಥ ಮಾಡತ್ತೆ, ಬಸುರೀಲಿ ಅದು ಜಾಸ್ತಿ ಆಗೋದು ಒಳ್ಳೇದಲ್ಲ, ಮಗು ಬೆಳೆಯೋಕೆ ಗ್ಲೂಕೋಸ್ ಬೇಕು. ಬಸುರಿಗೆ ದಿನಕ್ಕೆ ಕಮ್ಮಿ ಅಂದ್ರೂ 175 ಗ್ರಾಂ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ ಅಂಶ ಸೇರಿ), 70 ಗ್ರಾಂ ಹತ್ರ ಪ್ರೋಟೀನ್ ಬೇಕು ಅಂತ ಹೇಳ್ತಾರೆ. ಅದನ್ನ ಮೂರು ಸಣ್ಣ ಊಟ, ಎರಡು ಮೂರು ಸಣ್ಣ ತಿಂಡಿಗೆ ಹಂಚ್ಕೊಳ್ಳಿ, ಬೆಳಗ್ಗೆ ಎಲ್ಲಾದಕ್ಕಿಂತ ಕಮ್ಮಿ. ಅತ್ತೆಯೋ ಅಮ್ಮನೋ "ಎರಡು ಜೀವ ಐತೆ, ಇಷ್ಟುಂಡ್ರೆ ಹೆಂಗವ್ವಾ" ಅಂದಾಗ ಅವರ ಕೈಗೆ ಮೊಟ್ಟೆ, ಕಾಳು, ಮೊಸರು ಬಡಿಸೋ ಕೆಲಸ ಕೊಡಿ, ಅವರ ಪ್ರೀತೀನೂ ಉಳಿಯತ್ತೆ ನಿಮಗೂ ಬೇಕಾದ್ದು ಸಿಗತ್ತೆ. ರಾತ್ರಿ ಊಟ ಎಂಟರೊಳಗೆ ಮುಗಿಸಿ ಮಲಗೋ ಮುಂಚೆ ಅರ್ಧ ಲೋಟ ಹಾಲು ಅಥವಾ ಒಂದು ಹಿಡಿ ಶೇಂಗಾ.

ಆದ್ರೆ ಬೆಳಗ್ಗೆ ಖಾಲಿ ಹೊಟ್ಟೇದು ಊಟದಿಂದ ಅಷ್ಟಾಗಿ ಬಗ್ಗಲ್ಲ. ಎಷ್ಟೇ ಸರಿಯಾಗಿ ಉಂಡ್ರೂ ಅದು 95ರ ಮೇಲೇ ಬರ್ತಿದ್ರೆ ನಿಮ್ಮ ತಪ್ಪಲ್ಲ, ಔಷಧಿ ಬೇಕು ಅಂತ ಅರ್ಥ. ಬಹಳಷ್ಟು ಜನಕ್ಕೆ ಊಟ ನಡಿಗೆಯಲ್ಲೇ ಹತೋಟಿಗೆ ಬರತ್ತೆ, ಎರಡು ವಾರ ನೋಡಿ ಬರದೇ ಇದ್ರೆ ಡಾಕ್ಟರ್ ಮೆಟ್‌ಫಾರ್ಮಿನ್ ಮಾತ್ರೆ ಅಥವಾ ಇನ್ಸುಲಿನ್ ಅಂತಾರೆ. ಸೂಜಿ ಅಂದ್ರೆ ಮನೇಲಿ ಎಲ್ಲಾರೂ ಹೌಹಾರ್ತಾರೆ, ನಿಜ ನೋಡಿದ್ರೆ ಇನ್ಸುಲಿನ್ ಮಾಸ ದಾಟಿ ಮಗೂಗೆ ಹೋಗಲ್ಲ, ಮೆಟ್‌ಫಾರ್ಮಿನ್ ದಾಟತ್ತೆ. ಯಾವುದು ಅಂತ ಡಾಕ್ಟರ್ ಜೊತೆ ಕೂತು ಮಾತಾಡಿ. ಹಾಗಲಕಾಯಿ ರಸ, ಮೆಂತ್ಯದ ಪುಡಿ ಚಮಚಗಟ್ಟಲೆ, ನಾಟಿ ಔಷಧಿ, ಇವನ್ನ ಇನ್ಸುಲಿನ್ ಬದಲು ಇಟ್ಕೊಂಡು ವಾರ ಕಳೀಬೇಡಿ, ಹಾಗಲಕಾಯಿ ಪಲ್ಯ ಮಾಡ್ಕೊಂಡು ತಿನ್ನಿ ಅದು ಬೇರೆ. ಇನ್ಸುಲಿನ್ ತಗೊಳ್ಳೋರು ಮೈ ನಡುಗಿ ಬೆವರಿ 70ರ ಕೆಳಗೆ ಹೋದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ತಕ್ಷಣ ಕುಡೀರಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಆಗ ಬೆಲ್ಲ ಸಕ್ಕರೆ ಬೇಡ ಅನ್ನೋ ಲೆಕ್ಕ ಇಲ್ಲ.

ಮೀಟರ್ ಕೊಳ್ಳೋದಾ ಲ್ಯಾಬಿಗೆ ಹೋಗೋದಾ ಅಂದ್ರೆ ಆಗೋರು ಮೀಟರ್ ತಗೊಳ್ಳಿ. ಲ್ಯಾಬಿಗೂ ಅದಕ್ಕೂ ಹತ್ತು ಹದಿನೈದು ಪರ್ಸೆಂಟ್ ವ್ಯತ್ಯಾಸ ಬರಬಹುದು, ಆದ್ರೂ ನಿಮ್ಮ ಮೈಗೆ ಮುದ್ದೆ ಒಗ್ಗತ್ತಾ ರೊಟ್ಟಿ ಒಗ್ಗತ್ತಾ ಅನ್ನೋದನ್ನ ಅದೇ ಹೇಳೋದು. ಒಂದಿನ ಸಣ್ಣ ಮುದ್ದೆ, ಮಾರನೇ ದಿನ ಎರಡು ರೊಟ್ಟಿ, ಅದೇ ಪಲ್ಯ ಅದೇ ಹೊತ್ತು, ಎರಡೂ ಬರೆದಿಟ್ಕೊಳ್ಳಿ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಲ್ಲ, ನನಗೆ ಇಡ್ಲಿ ಒಗ್ತಿರ್ಲಿಲ್ಲ ತಂಗಿಗೆ ಏನೂ ಆಗ್ತಿಲ್ಲ. ಮೀಟರ್ ಆಗದೇ ಇರೋರು ಆಶಾ ಕಾರ್ಯಕರ್ತೆಗೆ ಹೇಳಿ ಪಿಎಚ್‌ಸೀಲಿ ನೋಡಿಸಿ, ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೇಲಿ ಗರ್ಭಿಣಿಯರಿಗೆ ಫ್ರೀ ತಪಾಸಣೆ ಇರತ್ತೆ, ಅವತ್ತು ನಿಮ್ಮ ಬರೆದಿಟ್ಟ ಚೀಟಿ ತಗೊಂಡು ಹೋಗಿ. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಒಂದನ್ನೇ ನಂಬಿ ಕೂರಬೇಡಿ, ಬಸುರೀಲಿ ಅದು ಕಮ್ಮಿ ತೋರಿಸತ್ತೆ.

ಹೆರಿಗೆ ಆದ್ಮೇಲೆ ಹೆಚ್ಚಿನವರಿಗೆ ಶುಗರ್ ಇಳಿದುಬಿಡತ್ತೆ, ಬಾಣಂತಿಗೆ ಕೊಬ್ಬರಿ ಬೆಲ್ಲ, ಅಂಟಿನುಂಡೆ ಶುರು ಆಗತ್ತೆ, ಎಲ್ಲಾರೂ ಮರೀತಾರೆ. ಆದ್ರೆ ಒಂದ್ಸಲ ಬಂದೋರಿಗೆ ಮುಂದೆ ಖಾಯಂ ಶುಗರ್ ಬರೋ ಸಂಭವ ಜಾಸ್ತಿ. ಉಂಡೆ ದಿನಕ್ಕೆ ಅರ್ಧ ಸಾಕು, ಸಬ್ಬಸಿಗೆ ಸೊಪ್ಪು, ಬೇಳೆ, ಮೊಟ್ಟೆ ಧಾರಾಳವಾಗಿ ತಿನ್ನಿ, ಮಗೂಗೆ ಎದೆಹಾಲು ಕೊಡಿ, ಅದು ತಾಯಿ ಶುಗರ್ಗೂ ಒಳ್ಳೇದು. ಆರು ವಾರಕ್ಕೆ ಮತ್ತೆ ಅದೇ 75 ಗ್ರಾಂ ಗ್ಲೂಕೋಸ್ ಟೆಸ್ಟ್ ಮಾಡಿಸಬೇಕು, ಅದೂ ಖಾಲಿ ಹೊಟ್ಟೇಲಿ. ಮಗೂಗೆ ಒಂದೂವರೆ ತಿಂಗಳ ಲಸಿಕೆ ಹಾಕ್ಸೋಕೆ ಹೆಂಗೂ ಆಸ್ಪತ್ರೆಗೆ ಹೋಗ್ತೀರಿ, ಅವತ್ತೇ ಬೆಳಗ್ಗೆ ಏನೂ ತಿನ್ನದೆ ಹೊರಡಿ, ಟೆಸ್ಟಿಗೆ ರಕ್ತ ಕೊಟ್ಟು ಮುಗಿಸೋಷ್ಟು ಹೊತ್ತು ಮಗು ಎತ್ಕೊಳ್ಳೋಕೆ ಅಮ್ಮನ್ನೋ ಅತ್ತೇನೋ ಜೊತೇಲಿ ಕರ್ಕೊಂಡು ಹೋಗಿ, ಎರಡು ರೊಟ್ಟಿ ಪಲ್ಯ ಕಟ್ಟಿಸ್ಕೊಂಡಿರಿ, ಎರಡು ಗಂಟೆ ಆದ್ಮೇಲಿನ ರಕ್ತ ಕೊಟ್ಟ ತಕ್ಷಣ ಅಲ್ಲೇ ಕೂತು ತಿನ್ನಬಹುದು.